ಮೂರು ಕಾಲಿನ ಪ್ಲಗ್ಗೂ ನನ್ನ ಮೀಸೆಯೂ

ನನ್ನ ಡ್ರೈವಿಂಗ್ ಲೈಸನ್ಸಿನ ಫೋಟೋದಲ್ಲಿ ದಪ್ಪ ಮೀಸೆ ಇದೆ. ಆಧಾರ್ ಕಾರ್ಡಿನಲ್ಲಿ ಇಲ್ಲ. ಯಾವ ಕಚೇರಿಗೆ ಹೋದರೂ ಕೌಂಟರಿನ ಹಿಂದೆ ಕುಳಿತವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇವರು ನಿಮ್ಮ ಅಣ್ಣಾರೇನ್ರಿ?" ಎಂದು ಕೇಳುತ್ತಾರೆ. ಅಲ್ಲ, ಎರಡೂ ನಾನೇ, ನಡುವೆ ಒಂದು ಪ್ಲಗ್ ಬಂದಿತ್ತು ಎಂದು ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಹಿಂದೆ ಸಾಲು ಬೆಳೆದಿರುತ್ತದೆ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಮೂವತ್ತೆಂಟು ವರ್ಷ ಮೋಟರ್‌ಸೈಕಲ್ ರಿಪೇರಿ ಮಾಡಿದವನು ನಾನು. ಇನ್ನು ಕುಕ್ಕರಗಾಲಲ್ಲಿ ಕೂರುವುದಿಲ್ಲ ಎಂದು ಮೊಣಕಾಲು ಹಟ ಹಿಡಿದ ಮೇಲೆ ಬೋಲ್ಟು ತಿರುಗಿಸುವ ಪಾನಾ, ಸ್ಕ್ರೂಡ್ರೈವರ್ ಕೆಳಗಿಟ್ಟೆ. ಈಗ ಸಂಜೆ ಹೊತ್ತು ಮನೆಯ ಕಟ್ಟೆಯ ಮೇಲೆ ಕೂರುತ್ತೇನೆ. ಹೊಸದಾಗಿ ಈ ಕಸುಬಿಗೆ ಇಳಿದವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಗಾಡಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ರೋಗ ಓದುವವರು ಅವರು. ವಿದ್ಯೆ ನನಗಿಂತ ಹೆಚ್ಚು. ಕೇಳುವ ಪ್ರಶ್ನೆ ಮಾತ್ರ ನನ್ನ ಕಾಲದ್ದೇ: "ಕಾಕಾ, ಯಾವ ಪ್ಲಗ್ ಹಾಕಿದ್ರ ಗಾಡಿ ಛಲೋ ಜಗ್ಗತೈತಿ? ಆವರೇಜ್ ಹೆಚ್ಚಿಗಿ ಕೊಡತೈತಿ?"

ಆವರೇಜ್ ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುವುದು. ನಮ್ಮ ಕಡೆ ಗಂಡು ನೋಡಲು ಹೋದಾಗಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ.

ನನಗೆ ಕಸುಬು ಕಲಿಸಿದವರು ಫಕೀರಪ್ಪ ಮಿಸ್ತ್ರಿ. ಶಿರಹಟ್ಟಿಯವರು, ಬೆಟಗೇರಿಗೆ ಬಂದು ಗ್ಯಾರೇಜು ಹಾಕಿದ್ದರು. ಮಾತು ಕಡಿಮೆ, ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಲೆಗೆ ಮೊಟಕುವುದು ಹೆಚ್ಚು. ನಾನು ಸೇರಿದ ಮೊದಲ ದಿನ, ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗೊಂದನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಇದು ಗಾಡಿ ನಾಲಿಗಿ. ಡಾಕ್ಟರ್ ಮೊದಲ ನಾಲಿಗಿ ತಗಸ್ತಾನೋ ಇಲ್ಲೋ? ಹಂಗ ತಗದು ನೋಡು. ಗಿರಾಕಿ ಹೇಳಿದ್ದು ಆಮ್ಯಾಲೆ ಕೇಳು."

ಆ ನಾಲಿಗೆ ಓದುವುದನ್ನು ಅವರು ಬಣ್ಣ ಹೇಳಿ ಕಲಿಸಿದರು. ಬೆಲ್ಲದ ಬಣ್ಣ ಇದ್ದರೆ ಎಂಜಿನ್ನು ಆರೋಗ್ಯವಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿ ಕುಡಿಯುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಒಳಗೆ ಕಾದು ಬಿಸಿಯಾಗುತ್ತಿದೆ. ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿದ್ದರೆ ಗಿರಾಕಿಗೆ ಮೊದಲು ಕುರ್ಚಿ ಕೊಡಬೇಕು, ಚಹಾ ತರಿಸಬೇಕು, ಆಮೇಲೆ ಎಂಜಿನ್ ಬಿಚ್ಚಬೇಕು ಎಂಬ ಸುದ್ದಿ ಹೇಳಬೇಕು. ಕಿಡಿ ಹಾರುವ ಸಂದಿನ ಅಳತೆಗೆ ಅವರು ಕಬ್ಬಿಣ ಕೊಯ್ಯುವ ಗರಗಸದ ಮುರಿದ ಬ್ಲೇಡನ್ನೇ ತೂರಿಸುತ್ತಿದ್ದರು. ಮುಂದೆ ನಾನು ಅಳತೆಯ ಪಟ್ಟಿ ಕೊಂಡು ತಂದು ಆ ಬ್ಲೇಡಿನ ಜೊತೆ ಹೋಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಪಟ್ಟಿ ತಂದ ತಪ್ಪಿಗೆ ತಲೆಗೆ ಒಂದು ಮೊಟಕು ಬಿತ್ತು.

ಮೊದಲ ವರ್ಷದ ನನ್ನ ದಡ್ಡತನಗಳನ್ನು ಬರೆದರೆ ಕಾಗದ ಸಾಲದು, ಎರಡು ಹೇಳುತ್ತೇನೆ. ಪ್ಲಗ್ಗಿನಲ್ಲಿ ಕಿಡಿ ಬರುತ್ತದೋ ಇಲ್ಲವೋ ನೋಡಲು ಅದನ್ನು ಎಂಜಿನ್ನಿಗೆ ಮುಟ್ಟಿಸಿಟ್ಟು ಕಿಕ್ ಹೊಡೆಯಬೇಕು. ನಾನು ಎಂಜಿನ್ನಿಗೆ ಮುಟ್ಟಿಸುವ ಬದಲು ಕೈಯಲ್ಲೇ ಹಿಡಿದು ಕಿಕ್ ಹೊಡೆದೆ. ಕಿಡಿ ಬಂತು. ಎಲ್ಲಿ ಬಂತು ಎಂದು ಹೇಳಲಾರೆ, ಆದರೆ ಕಣ್ಣು ಬಿಟ್ಟಾಗ ಪಕ್ಕದ ಚಹಾದಂಗಡಿಯ ಬೆಂಚಿನ ಹತ್ತಿರ ಇದ್ದೆ. "ಪ್ಲಗ್ ಛಲೋ ಐತಿ," ಎಂದರು ಫಕೀರಪ್ಪ, ತಲೆ ಎತ್ತದೆ. ಇನ್ನೊಂದು ಸಲ ಬೆಳ್ಳಟ್ಟಿಯ ಗೌಡರ ಗಾಡಿಗೆ ಪ್ಲಗ್ಗನ್ನು ಓರೆಯಾಗಿಯೇ ಕೂರಿಸಿ ಪಾನಾ ಹಾಕಿ ಜಗ್ಗಿದೆ. ಒಳಗಿನ ತಿರುಪಿನ ಎಳೆಯೆಲ್ಲ ಸವೆದು ಪ್ಲಗ್ ಸಡಿಲವಾಯಿತು. ಬೆಳ್ಳಟ್ಟಿ ದಾರಿಯಲ್ಲಿ ಅದು ಬಂದೂಕಿನ ಗುಂಡಿನಂತೆ ಹಾರಿ ಜೋಳದ ಹೊಲ ಸೇರಿತು. ಗೌಡರು ಗಾಡಿ ದೂಡಿಕೊಂಡೇ ವಾಪಸು ಬಂದು, "ನಿಮ್ಮ ಪ್ಲಗ್ ನಮ್ಮ ಹೊಲದಾಗ ಐತಿ, ನೀವ ಹುಡುಕ್ಕೋರಿ," ಎಂದರು. ಆವತ್ತಿನಿಂದ ಇವತ್ತಿನವರೆಗೆ ನಾನು ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ಕೊನೆ ಮುಟ್ಟುವ ತನಕ ತಿರುಗಿಸುತ್ತೇನೆ, ಪಾನಾ ಆಮೇಲೆ. ಈ ಒಂದು ಮಾತು ಕಲಿತರೆ ನೀವು ಈ ಬರಹವನ್ನು ಇಲ್ಲಿಗೇ ಬಿಟ್ಟರೂ ನಡೆದೀತು.

ಇನ್ನು ಮೀಸೆ. ಕಸುಬು ಕೈ ಹತ್ತುತ್ತಿದ್ದಂತೆ ಅದನ್ನೂ ಬೆಳೆಸಿದೆ. ಎರಡೂ ಕಡೆ ಮೇಲಕ್ಕೆ ತಿರುವಿದ್ದು, ತುದಿಯ ಮೇಲೆ ಪ್ಲಗ್ಗಿನ ವಾಷರ್ ನಿಲ್ಲಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದೆ. ಬೆಟಗೇರಿಯಿಂದ ಮುಂಡರಗಿಯವರೆಗೆ ನನ್ನನ್ನು ಮೀಸಿ ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿ ನೀಲವ್ವನಿಗೆ ಮಾತ್ರ ಅದು ಸೇರುತ್ತಿರಲಿಲ್ಲ. "ಅರ್ಧ ಕಪ್ ಚಹಾ ನೀವು ಕುಡೀತೀರಿ, ಅರ್ಧ ಅದು ಕುಡೀತೈತಿ," ಎನ್ನುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೀಸೆಯ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಫಕೀರಪ್ಪನವರಿಗೆ ವಯಸ್ಸಾಗಿ ಗ್ಯಾರೇಜು ನನ್ನ ಕೈಗೆ ಬಂದ ಮೇಲೂ ಅವರು ದಿನಾ ಬಂದು ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಿದ್ದರು. ಅಂಥ ಒಂದು ದಿನ ಹುಬ್ಬಳ್ಳಿಯಿಂದ ಟೈ ಕಟ್ಟಿದ ಒಬ್ಬ ಮಾರಾಟಗಾರ ಬಂದ. ಅವನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ, ಬಂಗಾರದ ಅಂಗಡಿಯಲ್ಲಿ ಜುಮಕಿ ಇಟ್ಟ ಹಾಗೆ, ಪ್ಲಗ್ಗುಗಳನ್ನು ಜೋಡಿಸಿದ್ದ. ಸಾಮಾನ್ಯ ಪ್ಲಗ್ಗಿನ ತುದಿಯಲ್ಲಿ ಬಾಗಿದ ಕಾಲು ಒಂದೇ ಇರುತ್ತದೆ, ಕಿಡಿ ಅದಕ್ಕೇ ಹಾರುತ್ತದೆ. ಇವನ ಪ್ಲಗ್ಗಿಗೆ ಮೂರು ಕಾಲು. ಮೂರು ಪಟ್ಟು ಕಿಡಿ, ಹೆಚ್ಚು ಜಗ್ಗು, ಹೆಚ್ಚು ಆವರೇಜ್ ಎಂದು ಅವನು ಹೇಳಿದ.

"ಕಿಡಿಗೆ ದಾರಿ ಒಂದ ಸಾಕು," ಎಂದರು ಫಕೀರಪ್ಪ. "ಮೂರ ಬಾಗಲಾ ಇದ್ರ ನೀ ಮೂರರಾಗೂ ಒಮ್ಮೆಲೆ ಹೊರಗ ಹೋಗ್ತಿಯೇನು?"

ಮಾರಾಟಗಾರ ಪೆಟ್ಟಿಗೆ ಮುಚ್ಚತೊಡಗಿದ. ನನಗೆ ಮಾತ್ರ ಆ ಮೂರು ಕಾಲು ಮನಸ್ಸಿನಲ್ಲಿ ಕೂತುಬಿಟ್ಟವು. ಪರೀಕ್ಷೆ ಮಾಡಿಯೇ ನೋಡೋಣ ಎಂದೆ.

ನಮ್ಮ ಪರೀಕ್ಷೆಯ ರೀತಿ ಹೀಗೆ. ಪೆಟ್ರೋಲ್ ಟ್ಯಾಂಕಿನ ನಳ ಬಂದ್ ಮಾಡಿ, ಹ್ಯಾಂಡಲಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಅದರಲ್ಲಿ ನೂರು ಎಂಎಲ್ ಪೆಟ್ರೋಲು ಅಳೆದು ಹಾಕಿ, ಸಣ್ಣ ಪೈಪಿನಿಂದ ಎಂಜಿನ್ನಿಗೆ ಕೊಡುವುದು. ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗಿನ ದೂರವೇ ಲೆಕ್ಕ. ನೋಡಿದವರಿಗೆ ಗಾಡಿಗೆ ಸಲೈನ್ ಹಚ್ಚಿಕೊಂಡು ದವಾಖಾನೆಗೆ ಹೊರಟ ಹಾಗೆ ಕಾಣುತ್ತದೆ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ದಿನ, ಓಡಿಸುವವನೂ ಒಬ್ಬನೇ. ಹೋಗುವಾಗ ಒಂದು ಪ್ಲಗ್, ಬರುವಾಗ ಇನ್ನೊಂದು. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಉಂಟೇ?

ಹೊರಡುವಾಗ ಫಕೀರಪ್ಪ ತಮ್ಮ ಪದ್ಧತಿ ನೆನಪಿಸಿದರು. ಹೊಸ ಗಾಡಿಯಿರಲಿ, ಹೊಸ ಟೈರಿರಲಿ, ಹೊಸದಾದದ್ದನ್ನು ಮೊದಲು ಮೂಡಲ ದಿಕ್ಕಿಗೇ ಓಡಿಸಬೇಕು. ಅವರು ತಮ್ಮ ಹೊಸ ಚಪ್ಪಲಿ ಮೆಟ್ಟಿಕೊಂಡಾಗಲೂ ಮೂಡಲ ಕಡೆ ನಾಲ್ಕು ಹೆಜ್ಜೆ ಹಾಕಿ, ಆಮೇಲೆ ತಿರುಗಿ ಮನೆಗೆ ಹೋಗುತ್ತಿದ್ದರು. ಮುಂಡರಗಿ ರಸ್ತೆ ನಮಗೆ ಮೂಡಲ ಕಡೆಯದು. ಹಾಗಾಗಿ ಹೊಸ ಪ್ಲಗ್ ಹಾಕಿ ಮುಂಡರಗಿ ದಿಕ್ಕಿಗೆ ಹೊರಟೆ. ಗಾಡಿ ಏಳನೇ ಕಿಲೋಮೀಟರ್ ಕಲ್ಲು ದಾಟಿ ನಿಂತಿತು. ಅಲ್ಲೇ ಹಳೆಯ ಪ್ಲಗ್ ಹಾಕಿ, ಬಾಟಲಿಗೆ ಮತ್ತೆ ನೂರು ಎಂಎಲ್ ತುಂಬಿ ತಿರುಗಿದೆ. ಊರು ಮುಟ್ಟಲು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ನಿಂತುಬಿಟ್ಟಿತು. ದೂಡಿಕೊಂಡು ಬಂದೆ. ಆಷಾಢದ ದಿನ, ಗಾಳಿ ಎದೆಗೆ ಗುದ್ದುತ್ತಿತ್ತು, ಮೀಸೆಯೆಲ್ಲ ಬಾಯಿಯೊಳಗೆ. ಆದರೂ ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಮರುದಿನ ಮಾಡಿದೆ, ಅದರ ಮರುದಿನ ಮಾಡಿದೆ. ಪ್ರತಿ ಸಲ ಬೇರೆ ಪ್ಲಗ್, ಪ್ರತಿಯೊಂದೂ ಹೊಸದು, ಆದ್ದರಿಂದ ಪ್ರತಿಯೊಂದೂ ಮೊದಲು ಮೂಡಲಕ್ಕೆ. ಪ್ರತಿ ಸಲ ಹೊಸದು ಗೆದ್ದಿತು. ಲೆಕ್ಕದ ಪ್ರಕಾರ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಹೆಚ್ಚು. ಅಷ್ಟು ಹೇಳಿದರೆ ಜನ ನಂಬುವುದಿಲ್ಲ ಎಂದು ವಿನಯದಿಂದ ಐದು ಎಂದು ಬೋರ್ಡು ಬರೆಸಿದೆ.

ಪ್ಲಗ್ಗು ಬಿಸಿ ಮಿರ್ಚಿಯ ಹಾಗೆ ಖರ್ಚಾದವು. ಸ್ವಲ್ಪ ದಿನಕ್ಕೆ ಗಿರಾಕಿಗಳು ವರದಿ ತರತೊಡಗಿದರು. ಒಂದು ವಿಚಿತ್ರ ನಾನು ಗಮನಿಸಿದೆ. ಲಕ್ಷ್ಮೇಶ್ವರದ ಕಡೆಯಿಂದ ಗದಗಿಗೆ ಬಂದವರು ನನ್ನನ್ನು ಹೊಗಳುತ್ತಿದ್ದರು. "ಇವತ್ತ ಬರೂವಾಗ ನೋಡಿನ್ರಿ, ಗಾಡಿ ಹಾರಕೋತ ಬಂತು," ಎಂದು ಕೈ ಕುಲುಕುತ್ತಿದ್ದರು. ಮುಂಡರಗಿಯ ಕಡೆಯಿಂದ ಬಂದವರು ಮುಖ ಗಂಟಿಕ್ಕಿಕೊಂಡು, "ಏನೂ ಫರಕ್ ಇಲ್ರಿ, ಮೊದಲಿನಂಗ ಐತಿ," ಎನ್ನುತ್ತಿದ್ದರು. ಶಿರಹಟ್ಟಿಯವರು ಎರಡೂ ಹೇಳುತ್ತಿರಲಿಲ್ಲ, ಚಹಾ ಕುಡಿದು ಹೋಗುತ್ತಿದ್ದರು. ಇದನ್ನೆಲ್ಲ ನಾನು ಬಹಳ ಯೋಚಿಸಿ ಒಂದು ನಿರ್ಣಯಕ್ಕೆ ಬಂದೆ. ಲಕ್ಷ್ಮೇಶ್ವರದವರು ಉಪಕಾರ ಸ್ಮರಣೆ ಉಳ್ಳವರು, ಮುಂಡರಗಿಯವರು ಹುಟ್ಟಾ ತಕರಾರಿನವರು, ಶಿರಹಟ್ಟಿಯವರಿಗೆ ಚಹಾ ಇಷ್ಟ.

ಆ ದಿನಗಳಲ್ಲೇ ಹೊಂಬಳದ ಒಬ್ಬ ರೈತ ಬಂದು ಟ್ರ್ಯಾಕ್ಟರಿಗೆ ಮೂರು ಕಾಲಿನ ಪ್ಲಗ್ ಕೇಳಿದ. ಟ್ರ್ಯಾಕ್ಟರ್ ಡೀಸೆಲ್ಲಿನದು, ಅದರಲ್ಲಿ ಕಿಡಿಯ ಪ್ಲಗ್ಗೇ ಇರುವುದಿಲ್ಲ ಎಂದು ಎಷ್ಟು ತಿಳಿಸಿ ಹೇಳಿದರೂ ಅವನು ಬಿಡಲಿಲ್ಲ.

"ಇಲ್ಲಂತ ನನಗೂ ಗೊತ್ತೈತ್ರಿ. ಇಲ್ದಿದ್ದಕ್ಕ ಹಾಕ್ರಿ ಅನ್ನಾಕತ್ತೀನಿ," ಎಂದ. "ನಮ್ಮೂರಾಗ ಎಲ್ಲಾರ ಗಾಡಿಗೂ ಆತು. ನಂದೇನು ಪಾಪ ಮಾಡೈತಿ?"

ಕೊನೆಗೆ ಒಂದನ್ನು ಒಯ್ದೇ ಬಿಟ್ಟ. ತಿಂಗಳ ಮೇಲೆ ಅವನ ಟ್ರ್ಯಾಕ್ಟರು ನಮ್ಮ ಬೀದಿಗೆ ಬಂದಾಗ ಬಾನೆಟ್ ಎತ್ತಿ ತೋರಿಸಿದ. ನಿಂಬೆಹಣ್ಣು, ಮೆಣಸಿನಕಾಯಿಗಳ ಪಕ್ಕದಲ್ಲಿ ಮೂರು ಕಾಲಿನ ಪ್ಲಗ್ಗನ್ನು ಕರಿ ದಾರದಿಂದ ಕಟ್ಟಿದ್ದ. ನೇಗಿಲು ಮೊದಲಿಗಿಂತ ಹಗುರ ಎಳೆಯುತ್ತದಂತೆ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಹೆಮ್ಮೆ ಬಂತು.

ಹೀಗೆ ನಾನು ಗಗನದಲ್ಲಿ ಹಾರಾಡುತ್ತಿರುವಾಗ ಗಿರಿಜಾ ಸಿಸ್ಟರ್ ಬಂದರು. ಇವರು ಹಮ್ಮಿಗಿಯ ದವಾಖಾನೆಯಲ್ಲಿ ನರ್ಸು, ಮನೆ ಮುಂಡರಗಿಯಲ್ಲಿ. ಮೀಟಿಂಗ್ ಇದ್ದಾಗ ಸ್ಕೂಟರಿನ ಮೇಲೆ ಗದಗಿಗೆ ಬರುವರು. ಸೂಜಿ ಚುಚ್ಚಿ ಚುಚ್ಚಿ ಯಾರ ಅಂಜಿಕೆಯೂ ಇಲ್ಲದ ಹೆಣ್ಣುಮಗಳು. ಅವರ ಸ್ಕೂಟರಿಗೂ ನಾನೇ ಹೊಸ ಪ್ಲಗ್ ಹಾಕಿದ್ದೆ.

"ಮಿಸ್ತ್ರಿ, ನಿಮ್ಮ ಪ್ಲಗ್ ಮನೀಗೆ ಹೋಗೂವಾಗ ಅಷ್ಟ ಕೆಲಸ ಮಾಡತೈತಿ. ಮೀಟಿಂಗಿಗೆ ಬರೂವಾಗ ಮಾಡಂಗಿಲ್ಲ," ಎಂದರು.

"ಮೀಟಿಂಗಿಗೆ ಬರಾಕ ನಿಮಗ ಮನಸಿರಂಗಿಲ್ಲರಿ. ಪ್ಲಗ್ ಏನು ಮಾಡೀತು?" ಎಂದೆ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು.

ಸಿಸ್ಟರ್ ನಗಲಿಲ್ಲ. "ಹಳೇ ಪ್ಲಗ್ ಇದ್ದಾಗೂ ಹಿಂಗ ಇತ್ರಿ. ಹೋಗೂವಾಗ ಪೆಟ್ರೋಲ್ ಕಡಿಮಿ, ಬರೂವಾಗ ಹೆಚ್ಚಿಗಿ. ನೀವು ಹೊಸಾದು ಹಾಕ್ಕೊಂಡು ಯಾವಾಗಾರ ಮುಂಡರಗಿ ಕಡಿಂದ ಗದಗಿಗೆ ಬಂದು ನೋಡೀರೇನು?"

ನೋಡಿರಲಿಲ್ಲ. ಆದರೆ ಹತ್ತು ಜನ ಗಿರಾಕಿಗಳ ಮುಂದೆ ಹಾಗೆ ಹೇಳುವುದು ಹೇಗೆ? ಕೈ ತಾನಾಗಿ ಮೀಸೆಯ ಮೇಲೆ ಹೋಯಿತು.

"ಹೋಗೂವಾಗ ಇರಲಿ ಬರೂವಾಗ ಇರಲಿ, ಲೀಟರಿಗೆ ಐದು ಕಿಲೋಮೀಟರ್ ಹೆಚ್ಚಿಗಿ ಕೊಡಲಿಲ್ಲಂದ್ರ ಈ ಮೀಸಿ ತಗಸ್ತೀನಿ," ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಮುಚ್ಚಲಿಲ್ಲ. "ತಗಿಸಿದ ಮ್ಯಾಲೆ, ಎರಡೂ ಕಡೆ ಹೆಚ್ಚಿಗಿ ಕೊಡೋ ಪ್ಲಗ್ ಸಿಗೋ ತನಕ ಮತ್ತ ಬಿಡಂಗಿಲ್ಲ."

"ಆತು. ನಾಳೆ ಹಳೇದು ಹಾಕ್ಕೊಂಡು ಹೋಗ್ರಿ, ಹೊಸಾದು ಹಾಕ್ಕೊಂಡು ಬರ್ರಿ. ನಾನೂ ಬರ್ತೀನಿ," ಎಂದರು ಸಿಸ್ಟರ್.

ಆಗ ಕುರ್ಚಿಯಿಂದ ಫಕೀರಪ್ಪನವರ ದನಿ ಬಂತು. "ಆಗಂಗಿಲ್ಲ. ಹೊಸಾದನ್ನ ಮೊದಲ ಪಡುವಲಕ್ಕ ಓಡಸಬಾರದು."

ನನಗೆ ಒಳಗೊಳಗೇ ಖುಷಿಯಾಯಿತು. ಗುರುವಿನ ಮಾತು, ಮೀರುವ ಹಾಗಿಲ್ಲ. ಆದರೆ ಸಿಸ್ಟರ್ ತಮ್ಮ ಸ್ಕೂಟರಿಗೆ ಕೈ ತೋರಿಸಿದರು. "ಅಜ್ಜಾರ, ನನ್ನ ಗಾಡ್ಯಾಗಿನ ಪ್ಲಗ್ ತಗೀರಿ. ಅದು ಮೂಡಲಕ್ಕ ನಾಕ ಸಲ ಹೋಗಿ ಬಂದೈತಿ. ಇನ್ನ ಹೊಸಾದು ಹೆಂಗಾತು?"

ಫಕೀರಪ್ಪ ಬಾಯಿಯ ಎಲೆಯಡಿಕೆ ಉಗಿದರು. "ಖರೆ ಐತಿ," ಎಂದರು. ನನ್ನ ಮೀಸೆಯ ಹಣೆಬರಹ ಆ ಎರಡು ಮಾತಿನಲ್ಲಿ ಮುಗಿಯಿತು.

ಸಿಸ್ಟರ್ ಆ ರಾತ್ರಿ ಬೆಟಗೇರಿಯ ತಂಗಿಯ ಮನೆಯಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಸ್ಕೂಟರಿಗೆ ಬೇರೆ ಪ್ಲಗ್ ಹಾಕಿಕೊಟ್ಟೆ. ನಾನು ಹಳೆಯ ಪ್ಲಗ್ಗಿನ ಗಾಡಿಯ ಮೇಲೆ, ಬಾಟಲಿ ಹ್ಯಾಂಡಲಿನಲ್ಲಿ. ಹಿಂದೆ ಸಿಸ್ಟರ್, ಅವರ ಹಿಂದೆ ಕೆಲಸವಿಲ್ಲದ ನಾಲ್ಕು ಗಾಡಿಗಳು. ಐದನೇ ಕಲ್ಲು ಬಂದಾಗ ಈಗ ನಿಲ್ಲುತ್ತದೆ ಎಂದು ಕಾಯ್ದೆ. ನಿಲ್ಲಲಿಲ್ಲ. ಆರನೆಯದು ದಾಟಿತು. ಏಳನೆಯದರ ಹತ್ತಿರ ನಾನು ಗಾಡಿಗೆ ಮನಸ್ಸಿನಲ್ಲೇ ಕೈ ಮುಗಿದೆ, ನಿಲ್ಲು ತಾಯಿ ಎಂದೆ. ಹಳೆಯ ಪ್ಲಗ್ಗಿನ ಆ ಗಾಡಿ ಏಳನೇ ಕಲ್ಲನ್ನೂ ದಾಟಿ, ಹೊಸ ಪ್ಲಗ್ ನಿಂತಿದ್ದ ಜಾಗವನ್ನೂ ದಾಟಿ, ಇನ್ನೂ ಒಂದಷ್ಟು ಹೋಗಿ ನಿಂತಿತು. ಜೀವನದಲ್ಲಿ ಮೊದಲ ಸಲ ಗಾಡಿಯೊಂದು ಚೆನ್ನಾಗಿ ಓಡಿದ್ದಕ್ಕೆ ನಾನು ಅದನ್ನು ಬೈದೆ.

ಅಲ್ಲೇ ಮೂರು ಕಾಲಿನ ಪ್ಲಗ್ ಹಾಕಿದೆ. ಬೆರಳಿನಿಂದ ಕೊನೆ ಮುಟ್ಟಿಸಿ, ಆಮೇಲೆ ಪಾನಾ ಹಾಕಿದೆ. ನೂರು ಎಂಎಲ್ ತುಂಬಿ ಗದಗಿನ ಕಡೆ ತಿರುಗಿಸಿದೆ. ಐದು ಕಿಲೋಮೀಟರಿಗೆ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಇಳಿದು ನಿಂತೆ. ಗಾಳಿ ಬೀಸುತ್ತಲೇ ಇತ್ತು. ಸಿಸ್ಟರ್ ದೂರದ ಗುಡ್ಡದ ಮೇಲಿನ ಗಾಳಿ ಕಂಬಗಳನ್ನು ತೋರಿಸಿದರು.

"ಆ ಪಂಖಾ ಎಲ್ಲಾ ಯಾವ ಕಡೆ ಮಾರಿ ಮಾಡ್ಯಾವ ನೋಡ್ರಿ."

ಎಲ್ಲವೂ ಗಾಳಿ ಬರುವ ಪಡುವಲಕ್ಕೆ ಮುಖ ಮಾಡಿ, ಸಾಲಾಗಿ ನಿಂತು, ಗರಗರ ತಿರುಗುತ್ತಿದ್ದವು. ಆ ಗಾಳಿಯೇ ಹೋಗುವಾಗ ನನ್ನ ಬೆನ್ನಿಗೆ ಕೈ ಕೊಟ್ಟು ದೂಡುತ್ತಿತ್ತು, ಬರುವಾಗ ಎದೆಗೆ ಕೈ ಕೊಟ್ಟು ತಡೆಯುತ್ತಿತ್ತು. ಲಕ್ಷ್ಮೇಶ್ವರ ನಮಗೆ ಪಡುವಲ ಕಡೆ, ಅಲ್ಲಿಂದ ಬಂದವರನ್ನೂ ಅದೇ ದೂಡಿ ತಂದಿತ್ತು, ತೆಂಕಲಿನ ಶಿರಹಟ್ಟಿಯವರಿಗೆ ಅದು ಅಡ್ಡಗಾಳಿ. ಸಾಲದ್ದಕ್ಕೆ ಗದಗಿನಿಂದ ಮುಂಡರಗಿಯ ಆಚೆಯ ಹೊಳೆಯ ಕಡೆಗೆ ನೆಲವೂ ಇಳಿಜಾರು. ಗಾಳಿಯಿಂದ ಕರೆಂಟು ತೆಗೆಯಲು ಎಲ್ಲೆಲ್ಲಿಂದಲೋ ಜನ ನಮ್ಮ ಜಿಲ್ಲೆಗೆ ಬಂದು ಕಂಬ ನಿಲ್ಲಿಸಿದ್ದರು. ಇಲ್ಲೇ ಹುಟ್ಟಿ ಬೆಳೆದ ನಾನು ಅದೇ ಗಾಳಿಯನ್ನು ಪ್ಲಗ್ಗಿನೊಳಗೆ ಹುಡುಕಿದ್ದೆ.

"ನಿಮ್ಮ ಮೀಸಿನ ಹೇಳಾಕತ್ತಿತ್ತಲ್ರಿ," ಎಂದರು ಸಿಸ್ಟರ್. "ಹೋಗೂವಾಗ ಮೂಗಿನ ಮುಂದಿತ್ತು. ಬರೂವಾಗ ನೋಡ್ರಿ, ಅರ್ಧಾ ಬಾಯಾಗೈತಿ."

ಉಳಿದ ದಾರಿ ಗಾಡಿ ದೂಡಿದೆ. ಗ್ಯಾರೇಜಿಗೆ ಬಂದು ಫಕೀರಪ್ಪನವರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸ್ಕ್ರೂಡ್ರೈವರಿಗಾಗಿ ಕೈ ಚಾಚಿದರು. ನಾನು ತಲೆ ಬಗ್ಗಿಸಿದೆ. ಅವರು ಅದರ ಹಿಡಿಕೆಯಿಂದ ತಮ್ಮ ತಲೆಗೇ ಮೊಟಕಿಕೊಂಡರು. "ಮೂಡಲಕ್ಕ ಕಳಿಸಿದಾಂವ ನಾನ," ಎಂದರು. ನನ್ನ ಕಣ್ಣಿನಲ್ಲಿ ನೀರು ಬಂತು. ಅವರ ಮೊಟಕು ತಿಂದಾಗ ಯಾವತ್ತೂ ಬಂದಿರಲಿಲ್ಲ.

ನನಗೆ ನಿಜವಾಗಿ ಕೊರೆಯುತ್ತಿದ್ದುದು ಗಿರಾಕಿಗಳ ಚಿಂತೆ. ನನ್ನ ಮಾತು ನಂಬಿ ಪ್ಲಗ್ ಹಾಕಿಸಿಕೊಂಡವರು. ಬೋರ್ಡು ಇಳಿಸಿದೆ. ಬಂದವರಿಗೆಲ್ಲ ಹೇಳತೊಡಗಿದೆ: ಹಳೆಯ ಪ್ಲಗ್ ಸವೆದಿದ್ದರೆ ಯಾವ ಹೊಸದು ಹಾಕಿದರೂ ಫರಕು ಕಾಣುತ್ತದೆ. ಕಂಪನಿಯವರು ಆ ಗಾಡಿಗೆ ಹೇಳಿದ ಪ್ಲಗ್ಗು, ಸಂದು ಸರಿ ಇಟ್ಟು, ಶುದ್ಧ ಇಟ್ಟರೆ ಸಾಕು. ಮೂರು ಕಾಲಿನಲ್ಲಿ ವಿಶೇಷವೇನಿಲ್ಲ, ನಾನು ಮೋಸ ಹೋದೆ, ತನ್ನಿ, ವಾಪಸು ತೆಗೆದುಕೊಳ್ಳುತ್ತೇನೆ.

ಒಬ್ಬರೂ ತರಲಿಲ್ಲ. ಬದಲಿಗೆ ನನ್ನ ಮೇಲೆಯೇ ಸಿಟ್ಟಾದರು. "ನಮ್ಮ ಗಾಡಿ ಆವರೇಜ್ ಕೊಡಾಕತ್ತೈತಿ, ನೀವು ಯಾಕ ಕಲ್ಲ ಹಾಕ್ತೀರಿ?" ಎಂದ ಲಕ್ಷ್ಮೇಶ್ವರದ ಹಾಲಿನವ. ಹೊಂಬಳದ ರೈತ, "ನಂದಂತೂ ಬಿಚ್ಚಂಗಿಲ್ರಿ, ಕಟ್ಟಿದ್ದು ಕಟ್ಟಿದಂಗ ಇರಲಿ," ಎಂದ. ಮೊದಲು ತಕರಾರು ಹೇಳಿದ ಮುಂಡರಗಿಯವರು ಸಹ, "ಈಗೀಗ ಸ್ವಲ್ಪ ಛಲೋ ಅನಿಸಾಕತ್ತೈತಿ," ಎನ್ನತೊಡಗಿದರು.

ಇನ್ನು ಮಾತು ಕೊಟ್ಟ ಪ್ರಕಾರ ಮೀಸೆ. ಸಿಸ್ಟರ್ ಬೇಡವೆಂದರು. "ಚ್ಯಾಷ್ಟಿಗೆ ಅಂದಿದ್ದು, ಬಿಡ್ರಿ ಮಿಸ್ತ್ರಿ." ನಾನು ಒಪ್ಪಲಿಲ್ಲ. ಪ್ಲಗ್ಗಿನ ಬಗ್ಗೆ ಹೇಳಿದ್ದು ಸುಳ್ಳಾಯಿತು, ಮೀಸೆಯ ಬಗ್ಗೆ ಹೇಳಿದ್ದಾದರೂ ಖರೆಯಾಗಲಿ ಎಂದು ನಮ್ಮ ಬೀದಿಯ ಹನುಮಂತಪ್ಪನ ಕಟಿಂಗ್ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕುಳಿತೆ. ಅವನು ಕತ್ತಿ ಮಸೆದ, ಬಟ್ಟೆ ಹೊದಿಸಿದ, ವಿಷಯ ಕೇಳಿದವನೇ ಬಟ್ಟೆ ತೆಗೆದುಬಿಟ್ಟ.

"ನನ್ನ ಗಾಡ್ಯಾಗೂ ಅದ ಪ್ಲಗ್ ಐತ್ರಿ. ಲೀಟರಿಗೆ ಐದು ಹೆಚ್ಚಿಗಿ ಅಂತ ನಮ್ಮ ಬೀಗರ ಮುಂದ ಹೇಳೀನಿ. ನಿಮ್ಮ ಮೀಸಿ ತಗದ್ರ ನನ್ನ ಮಾನ ಏನಾತು?"

ಎರಡನೇ ಅಂಗಡಿಯವನ ಗಾಡಿಯಲ್ಲೂ ಅದೇ ಪ್ಲಗ್ ಇತ್ತು. ಮೂರನೆಯವನದರಲ್ಲಿ ಇರಲಿಲ್ಲ, ಆದರೆ ಅವನ ಅಳಿಯನದರಲ್ಲಿ ಇತ್ತು. ಗದಗ-ಬೆಟಗೇರಿ ಎರಡೂ ಊರು ತಿರುಗಿದರೂ ನನ್ನ ಮೀಸೆಗೆ ಒಬ್ಬ ಕೈ ಹಚ್ಚಲಿಲ್ಲ. ನಾನೇ ತೆಗೆದುಕೊಳ್ಳೋಣವೆಂದು ಕನ್ನಡಿ ಮುಂದೆ ನಿಂತೆ. ಕತ್ತಿ ಮೂಗಿನ ಹತ್ತಿರ ಹೋಗಿ ಹೋಗಿ ವಾಪಸು ಬಂತು. ಅಷ್ಟು ಧೈರ್ಯ ನನಗಿರಲಿಲ್ಲ.

ಕೊನೆಗೆ ಸಿಸ್ಟರೇ ದಾರಿ ಹೇಳಿದರು. ಮುಂಡರಗಿಯಲ್ಲಿ ಒಬ್ಬ ಮುದುಕರು ಇದ್ದಾರೆ, ಕ್ಷೌರದಂಗಡಿ, ಅವರಿಗೆ ಗಾಡಿಯೇ ಇಲ್ಲ, ಸೈಕಲ್ಲಿನವರು. ಪ್ಲಗ್ಗಿನ ಹಂಗಿಲ್ಲದ ಮನುಷ್ಯ.

ಹೋದೆ. ಅವರು ಕಥೆಯನ್ನೆಲ್ಲ ಸಮಾಧಾನದಿಂದ ಕೇಳಿ, ಸಾಬೂನಿನ ನೊರೆ ಹಚ್ಚಿ, ಕತ್ತಿ ಎತ್ತಿ, ಅಲ್ಲೇ ತಡೆದರು. "ಹೋಗೂವಾಗಿಂದು ಖರೆ ಇತ್ತಲ್ರಿ, ಬರೂವಾಗಿಂದು ಅಷ್ಟ ಸುಳ್ಳು. ಒಂದ ಕಡೆ ಬಿಡ್ಲೇನು?"

"ಎರಡೂ ತಗೀರಿ," ಎಂದು ಕಣ್ಣು ಮುಚ್ಚಿದೆ.

ಇಷ್ಟು ಓದಿದ ಮೇಲೆ ನೀವು ಕೇಳಬಹುದು, ಆಮೇಲೆ ಯಾಕೆ ಮತ್ತೆ ಬಿಡಲಿಲ್ಲ ಎಂದು. ಷರತ್ತು ನೆನಪಿದೆಯಲ್ಲ, ಎರಡೂ ಕಡೆ ಹೆಚ್ಚು ಕೊಡುವ ಪ್ಲಗ್ ಸಿಗುವ ತನಕ. ಪ್ಲಾಟಿನಮ್ ಬಂತು, ಇರಿಡಿಯಮ್ ಬಂತು, ಸೂಜಿಯಂಥ ತುದಿಯದು ಬಂತು, ಪ್ರತಿಯೊಂದನ್ನೂ ಬಾಟಲಿ ಕಟ್ಟಿ ಹೋಗುವಾಗಲೂ ಬರುವಾಗಲೂ ನೋಡಿದೆ. ಕೆಲವು ಹೆಚ್ಚು ದಿನ ಬಾಳುತ್ತವೆ, ಅದು ನಿಜ. ಚಳಿಯಲ್ಲಿ ಗಾಡಿ ಬೇಗ ಎದ್ದೀತು. ಆದರೆ ನನ್ನ ಮೀಸೆ ವಾಪಸು ಕೊಡಿಸುವ ಪ್ಲಗ್ ಇನ್ನೂ ಹುಟ್ಟಿಲ್ಲ. ಹೊಸ ಗಾಡಿಗಳಿಗೆ ಬಾಟಲಿ ಕಟ್ಟಲೂ ಬರುವುದಿಲ್ಲ. ಹೊಸದಾಗಿ ಕಸುಬಿಗೆ ಇಳಿದ ನೀವೇ ಲ್ಯಾಪ್‌ಟಾಪಿನಲ್ಲಿ ನೋಡಿ ಹೇಳಬೇಕು. ಹೇಳುವ ಮುಂಚೆ ಒಂದು ಸಲ ಗುಡ್ಡದ ಕಡೆಗೂ ನೋಡಿ.

ಆ ದಿನ ಮುಂಡರಗಿಯಿಂದ ಹೊರಟಾಗ ಮಧ್ಯಾಹ್ನ ಇಳಿದಿತ್ತು. ಊರು ದಾಟುತ್ತಲೇ ಗಾಳಿ ಎದುರಾಯಿತು. ಎಷ್ಟೋ ವರ್ಷ ಮುಚ್ಚಿಕೊಂಡಿದ್ದ ಮೇಲ್ದುಟಿಗೆ ಅದು ನೇರವಾಗಿ, ತಣ್ಣಗೆ, ಬಂದು ತಾಗಿತು. ಈ ರಸ್ತೆಯ ಗಾಳಿ ಎಷ್ಟು ಜೋರೆಂದು ನನಗೆ ಸರಿಯಾಗಿ ತಿಳಿದದ್ದು ಆಗಲೇ. ನಾಚಿಕೆಯಾಯಿತು, ಹಗುರವೂ ಆಯಿತು, ನಡುವೆ ಒಬ್ಬನೇ ನಕ್ಕೆ. ನಕ್ಕಾಗ ಹಲ್ಲಿಗೆಲ್ಲ ಧೂಳು ಬಡಿಯಿತು.

ಮನೆ ಮುಟ್ಟಿ ಬಾಗಿಲು ಬಡಿದೆ. ನೀಲವ್ವ ತೆರೆದಳು. ನಾನು ಎಲ್ಲಿಗೆ, ಯಾಕೆ ಹೋಗಿದ್ದೇನೆಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲೇ ನಿಂತು ನನ್ನ ಮುಖವನ್ನು ಈ ಕಡೆಯಿಂದ ಆ ಕಡೆಯವರೆಗೆ ಸಾವಕಾಶ ನೋಡಿದಳು. ನಕ್ಕುಬಿಟ್ಟರೆ ಏನು ಮಾಡಲಿ ಎಂದು ನಾನು ಚಪ್ಪಲಿ ಬಿಡುತ್ತ ನೆಲ ನೋಡಿದೆ. ಅವಳು ನಗಲಿಲ್ಲ. ಒಳಗೆ ಹೋಗಿ ಚಹಾ ತಂದು ನನ್ನ ಕೈಗಿಟ್ಟಳು, ಪೂರ್ತಿ ಒಂದು ಕಪ್.

"ಭಾಳ ಗಾಳಿ ಇತ್ತೇನ್ರಿ?" ಎಂದಳು.